ನಾನು ಬರೆದ ಹಾಡಿಗೆ ‘ಜಾನಪದ’ ಅಂತ ಹಾಕಿದ್ದಾರೆ, ಈಗ ಕಾಪಿರೈಟ್ ಮಾಡಿಸಬಹುದಾ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹನ್ನೆರಡು ವರ್ಷಗಳಿಂದ ನಲಿಕಲಿ ಮಕ್ಕಳಿಗೆ ಹಾಡು ಬರೆಯುತ್ತಿದ್ದೇನೆ. ಈಗ 43 ಹಾಡುಗಳಾಗಿವೆ. ಎಲ್ಲವೂ ಒಂದೇ ನೋಟ್‌ಬುಕ್ಕಿನಲ್ಲಿವೆ. ಕೆಲವು ನಮ್ಮೂರಿನ ಕೋಲಾಟದ ಧಾಟಿಯಲ್ಲಿವೆ. ಉಳಿದವಕ್ಕೆ ನಮ್ಮ ಶಾಲೆಯಲ್ಲೇ ಇದ್ದ ಹಿರಿಯ ಶಿಕ್ಷಕರೊಬ್ಬರು ಹಾರ್ಮೋನಿಯಂ ಹಿಡಿದು ರಾಗ ಹಾಕಿದರು. ಅವರು ಈಗ ನಿವೃತ್ತರು. 2019ರಲ್ಲಿ ಮಳೆಯ ಮೇಲೆ ಬರೆದ ಒಂದು ಅಭಿನಯ ಗೀತೆಯನ್ನು ನಮ್ಮ ಕ್ಲಸ್ಟರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಅದನ್ನು ಪ್ರತಿಭಾ ಕಾರಂಜಿಯಲ್ಲಿ ಬೇರೆ ಶಾಲೆಯ ಮಕ್ಕಳೂ ಹಾಡಿದರು. ಕಳೆದ ತಿಂಗಳು ಒಂದು ಯೂಟ್ಯೂಬ್ ಚಾನೆಲ್ಲಿನಲ್ಲಿ ಅದೇ ಹಾಡು ಬಂದಿದೆ. ಕೆಳಗೆ ‘ಸಾಹಿತ್ಯ: ಜಾನಪದ’ ಎಂದು ಹಾಕಿದ್ದಾರೆ. ಕೇಳಿದರೆ “ಕಾಪಿರೈಟ್ ಸರ್ಟಿಫಿಕೇಟ್ ಇದ್ರೆ ತೋರ್ಸಿ” ಅಂದರು. ಒಬ್ಬ ಏಜೆಂಟರು ನೋಂದಣಿಗೆ 15,000 ರೂಪಾಯಿ ಕೇಳುತ್ತಿದ್ದಾರೆ. ನನಗೇ ನಾನು ರಿಜಿಸ್ಟರ್ಡ್ ಪೋಸ್ಟ್ ಕಳಿಸಿಕೊಂಡರೆ ಸಾಕು ಅಂತ ನನ್ನ ತಮ್ಮ ಹೇಳುತ್ತಾನೆ. ನೀವು ಸರ್ಕಾರಿ ನೌಕರರು, ಹಾಡು ಸರ್ಕಾರದ್ದು ಅಂತ ಸಹೋದ್ಯೋಗಿಯೊಬ್ಬರ ಮಾತು. ಇದರ ನಡುವೆ ಇನ್ನೊಂದು ಆಡಿಯೋ ಕಂಪನಿ 43 ಹಾಡಿಗೂ ಸೇರಿಸಿ 20,000 ಕೊಡುತ್ತೇವೆ, ಸಹಿ ಹಾಕಿ ಅನ್ನುತ್ತಿದೆ. ನಾನು ತಡ ಮಾಡಿಬಿಟ್ಟೆನಾ? ಏನು ಮಾಡಲಿ?

ಉತ್ತರ: ಟೀಚರ್, ನಿಮ್ಮ ಉದ್ದದ ಪತ್ರವನ್ನು (ಮೇಲೆ ಕೊಟ್ಟದ್ದು ಅದರ ಸಾರಾಂಶ) ಎರಡು ಸಲ ಓದಿದೆ. ಜೊತೆಗೆ ಕಳಿಸಿದ ನೋಟ್‌ಬುಕ್ಕಿನ ಪುಟದ ಫೋಟೋವನ್ನೂ, ಆಡಿಯೋ ಕಂಪನಿಯ ಕರಾರನ್ನೂ ನೋಡಿದೆ. ಸರಿಯಾದ ಹೊತ್ತಿಗೆ ನೋಂದಣಿ ಮಾಡಿಸಲಿಲ್ಲ, ಅದಕ್ಕೇ ಹಾಡು ಕೈತಪ್ಪಿತು ಎಂಬ ಕೊರಗು ಪತ್ರದ ತುಂಬ ಇದೆ. ಹಾಡು ಕೈತಪ್ಪಿಲ್ಲ. ಅದನ್ನು ಬರೆದ ದಿನವೇ ಅದರ ಹಕ್ಕು ನಿಮ್ಮದಾಗಿದೆ. ಇವತ್ತೂ ನಿಮ್ಮದೇ.

ನಮ್ಮ ದೇಶದ ಹಕ್ಕುಸ್ವಾಮ್ಯ (ಕಾಪಿರೈಟ್) ಕಾಯ್ದೆ 1957ರದ್ದು. ಸ್ವಂತವಾಗಿ ಬರೆದ ಕೃತಿಗೆ, ಬರೆದ ಕೂಡಲೇ, ಯಾರ ಅಪ್ಪಣೆಯೂ ಇಲ್ಲದೆ ಹಕ್ಕು ಹುಟ್ಟುತ್ತದೆ ಎಂಬುದೇ ಅದರ ಬುನಾದಿ. ನೋಂದಣಿಗೆ ಅಲ್ಲಿ ಜಾಗವಿದೆ, ಆದರೆ ಕಡ್ಡಾಯವಿಲ್ಲ. ನೋಂದಣಿ ಇಲ್ಲದೆಯೂ ದಾವೆ ಹೂಡಬಹುದು ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ “ಸರ್ಟಿಫಿಕೇಟ್ ತೋರ್ಸಿ” ಎಂಬ ಮಾತಿಗೆ ನೀವು ಹೆದರಬೇಕಿಲ್ಲ.

ಹಾಗಿದ್ದೂ ಎಲ್ಲರೂ ಯಾಕೆ ಸರ್ಟಿಫಿಕೇಟ್ ಅಂತಾರೆ? ನಮಗೆ ಗೊತ್ತಿರುವ ಆಸ್ತಿ ಅಂದರೆ ಮನೆ, ಹೊಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗದೆ ಹೊಲ ಕೊಂಡ ಹಾಗಾಗುವುದಿಲ್ಲ. ಅದೇ ಲೆಕ್ಕವನ್ನು ಹಾಡಿಗೂ ಹಾಕುತ್ತೇವೆ. ಕಾಪಿರೈಟ್ ನೋಂದಣಿಗೆ ಹೋಲಿಸಬೇಕಾದದ್ದು ಕ್ರಯಪತ್ರವನ್ನಲ್ಲ, ಪಹಣಿಯನ್ನು. ಪಹಣಿಯಲ್ಲಿ ಹೆಸರಿದ್ದರೆ, ತಪ್ಪು ಅಂತ ಯಾರಾದರೂ ತೋರಿಸುವ ತನಕ ಅದನ್ನು ಸರಿ ಅಂತಲೇ ನಂಬುತ್ತಾರೆ. ಹಾಗಂತ ಪಹಣಿಯಿಂದ ಹೊಲ ಹುಟ್ಟುವುದಿಲ್ಲ ಅಲ್ವಾ? ಕಾಪಿರೈಟ್ ರಿಜಿಸ್ಟರಿನ ಬೆಲೆಯೂ ಅಷ್ಟೇ. ಕಾಯ್ದೆಯ 48ನೇ ಕಲಮಿನ ಪ್ರಕಾರ ಅದು ಮೇಲ್ನೋಟದ ಸಾಕ್ಷ್ಯ. ಕೋರ್ಟು ಅದನ್ನು ನಂಬಿಕೊಂಡು ಶುರು ಮಾಡುತ್ತದೆ. ಸುಳ್ಳು ಅಂತ ತೋರಿಸುವ ಹೊರೆ ಎದುರಿನವರ ಮೇಲೆ ಬೀಳುತ್ತದೆ. ಇದು ಸಣ್ಣ ಅನುಕೂಲವಲ್ಲ, ಅದಕ್ಕೇ ಮಾಡಿಸಿ ಅಂತ ನಾನು ಹೇಳುತ್ತೇನೆ. ಮಾಡಿಸದಿದ್ದರೆ ಹಕ್ಕೇ ಇಲ್ಲ ಅನ್ನುವುದು ಮಾತ್ರ ತಪ್ಪು.

ನಿಮ್ಮ ತಮ್ಮ ಹೇಳಿದ ರಿಜಿಸ್ಟರ್ಡ್ ಪೋಸ್ಟಿನ ಉಪಾಯ ಬಹಳ ಹಳೆಯದು. ಸಿನಿಮಾಕ್ಕೆ ಕಥೆ ಬರೆಯುವವರು ಈಗಲೂ ಮಾಡುತ್ತಾರೆ. ಕಾಯ್ದೆಯಲ್ಲಿ ಅದಕ್ಕೆ ಯಾವ ಸ್ಥಾನವೂ ಇಲ್ಲ. ಇಂಥ ದಿನ ಒಂದು ಲಕೋಟೆ ಬಂತು ಅನ್ನುವುದಷ್ಟೇ ಅದರಿಂದ ಗೊತ್ತಾಗುತ್ತದೆ, ಒಳಗಿದ್ದದ್ದು ಇದೇ ಕಾಗದವಾ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಪುಸ್ತಕದ ಐಎಸ್‌ಬಿಎನ್ ಸಂಖ್ಯೆ ಕೂಡ ಕಾಪಿರೈಟ್ ಅಲ್ಲ, ಪುಸ್ತಕವನ್ನು ಗುರುತಿಸುವ ಸಂಖ್ಯೆ ಅಷ್ಟೇ. ಗ್ರಂಥಾಲಯಕ್ಕೆ ಪ್ರತಿ ಕೊಡುವುದೂ ಬೇರೆ ವಿಷಯ. ವೃತ್ತದೊಳಗೆ ಸಿ ಅಕ್ಷರ ಹಾಕಿದರೆ ಹಕ್ಕು ಬರುವುದಿಲ್ಲ, ಹಾಕದಿದ್ದರೆ ಹೋಗುವುದೂ ಇಲ್ಲ. ಆದರೂ ಹಾಕಿ. ನೋಡಿದವರಿಗೆ ಇದಕ್ಕೊಬ್ಬ ಒಡತಿ ಇದ್ದಾಳೆ ಅಂತ ತಿಳಿಯುತ್ತದೆ.

‘ಜಾನಪದ’ ಎಂಬ ಹಣೆಪಟ್ಟಿ

ನನ್ನ ವಕೀಲಿ ಕಚೇರಿಗೆ ಬರುವ ಹಾಡಿನ ತಕರಾರುಗಳಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ. ಬರೆದವರು ಬದುಕಿದ್ದಾರೆ, ಪಕ್ಕದ ತಾಲ್ಲೂಕಿನಲ್ಲೇ ಇದ್ದಾರೆ. ಆದರೂ ಹಾಡು ಬಾಯಿಂದ ಬಾಯಿಗೆ ಹೋಗುವಾಗ ಹೆಸರು ಉದುರಿಹೋಗುತ್ತದೆ. ಕೊನೆಗೆ ರೆಕಾರ್ಡ್ ಮಾಡುವವರು ಬರೆದದ್ದು ಯಾರು ಅಂತ ಹುಡುಕುವ ಗೋಜಿಗೆ ಹೋಗದೆ ‘ಜಾನಪದ’ ಎಂದು ಹಾಕುತ್ತಾರೆ. ಹಾಗೆ ಹಾಕಿದರೆ ಯಾರಿಗೂ ಹಣ ಕೊಡಬೇಕಿಲ್ಲ ಎಂಬ ಲೆಕ್ಕವೂ ಕೆಲವರಲ್ಲಿರುತ್ತದೆ. ಎಲ್ಲರೂ ಕೆಟ್ಟ ಉದ್ದೇಶದಿಂದಲೇ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ನಿಮ್ಮ ಹಾಡು ವಾಟ್ಸಾಪಿನಲ್ಲಿ ಹತ್ತಾರು ಗುಂಪು ದಾಟಿ ಹೋಗಿರಬೇಕು. ಮೊದಲ ಸಂದೇಶದಲ್ಲೇ ನಿಮ್ಮ ಹೆಸರು ಇರಲಿಲ್ಲ ಅಂತ ನೀವೇ ಬರೆದಿದ್ದೀರಿ.

ತಲೆಮಾರುಗಳಿಂದ ಬಂದ, ಬರೆದವರು ಯಾರೆಂದು ತಿಳಿಯದ ಹಾಡನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಬರೆದವರು ಯಾರೆಂದು ಗೊತ್ತಿರುವ ಹಾಡು, ಎಷ್ಟೇ ಜನರ ಬಾಯಲ್ಲಿದ್ದರೂ, ಕಾನೂನಿನ ಕಣ್ಣಿಗೆ ಜಾನಪದವಲ್ಲ.

ನಿಮ್ಮ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಮಳೆಯ ಹಾಡಿನ ಧಾಟಿ ಕೋಲಾಟದ್ದು ಎಂದಿದ್ದೀರಿ. ಹಾಗಾದರೆ ಆ ಧಾಟಿ ನಿಮ್ಮದಲ್ಲ, ಚಾನೆಲ್ಲಿನವರದೂ ಅಲ್ಲ. ಅದರ ಮೇಲೆ ಯಾರೂ ಹಕ್ಕು ಹೇಳುವ ಹಾಗಿಲ್ಲ. ಸಾಹಿತ್ಯ ಮಾತ್ರ ಪೂರ್ತಿ ನಿಮ್ಮದು. ಒಂದು ಹಾಡಿನಲ್ಲಿ ಕಾಯ್ದೆ ಮೂರು ಬೇರೆ ಬೇರೆ ಆಸ್ತಿಗಳನ್ನು ನೋಡುತ್ತದೆ. ಪದಗಳು ಸಾಹಿತ್ಯ ಕೃತಿ, ಅವು ಬರೆದವರದು. ರಾಗ ಸಂಗೀತ ಕೃತಿ, ಅದು ಸಂಯೋಜಿಸಿದವರದು. ರೆಕಾರ್ಡಿಂಗ್ ಮೂರನೆಯದು, ಅದು ಮುಂದೆ ನಿಂತು ಮಾಡಿಸಿದ ನಿರ್ಮಾಪಕರದು. ಹಾಡಿದವರಿಗೂ ತಮ್ಮದೇ ಆದ ಪ್ರತ್ಯೇಕ ಹಕ್ಕುಗಳಿವೆ. ಆ ಚಾನೆಲ್ಲಿನವರು ಸ್ಟುಡಿಯೋಗೆ ಹಣ ಹಾಕಿದ್ದಾರೆ, ಗಾಯಕಿಯಿಂದ ಚೆನ್ನಾಗಿ ಹಾಡಿಸಿದ್ದಾರೆ. ಆದರೆ ಆ ರೆಕಾರ್ಡಿಂಗಿನೊಳಗೆ ನಿಮ್ಮ ಪದಗಳನ್ನು ಕೇಳದೆ ಸೇರಿಸಿದ್ದಾರೆ. “ಜಾನಪದ ಧಾಟಿ ತಾನೇ” ಅಂತ ಅವರು ಅಂದರೆ, ನಾನು ಕೇಳುತ್ತಿರುವುದು ಪದಗಳ ವಿಷಯ ಅಂತ ಹೇಳಿ.

ಹಾಗೆಯೇ ಮಳೆ, ಕಪ್ಪೆ, ಕೊಡೆ ಎಂಬ ವಿಷಯದ ಮೇಲೆ ಯಾರಿಗೂ ಒಡೆತನವಿಲ್ಲ. 1978ರಲ್ಲಿ ಆರ್.ಜಿ. ಆನಂದ್ ಎಂಬ ನಾಟಕಕಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ತಮ್ಮ ನಾಟಕವನ್ನು ಸಿನಿಮಾ ಮಾಡಿದ್ದಾರೆ ಅಂತ ಅವರು ಹೋಗಿದ್ದರು. ವಿಷಯ ಒಂದೇ ಇದ್ದರೆ ಸಾಲದು, ಹೇಳಿದ ರೀತಿ ಎತ್ತಿಕೊಂಡಿರಬೇಕು ಎಂದು ಕೋರ್ಟು ಹೇಳಿತು. ಅವರು ಸೋತರು. ನಿಮ್ಮ ಪತ್ರದ ಕೊನೆಯಲ್ಲಿ ಇನ್ನೊಂದು ಚಾನೆಲ್ಲಿನ ಮಳೆ ಹಾಡಿನ ಬಗ್ಗೆ ಬರೆದಿದ್ದೀರಲ್ಲ, ಅದರಲ್ಲಿ ನಿಮ್ಮ ಒಂದು ಸಾಲೂ ಇಲ್ಲ. ಅದನ್ನು ಬಿಟ್ಟುಬಿಡಿ. ಬೇರೆ ಶಾಲೆಯವರು ಪ್ರತಿಭಾ ಕಾರಂಜಿಯಲ್ಲಿ ಹಾಡಿದ್ದನ್ನೂ ತಪ್ಪು ಎನ್ನಬೇಡಿ. ತರಗತಿಯ ಪಾಠಕ್ಕೆ, ಶಾಲೆಯ ಚಟುವಟಿಕೆಯಲ್ಲಿ ಮಕ್ಕಳು ಮತ್ತು ಶಿಕ್ಷಕರು ಹಾಡುವುದಕ್ಕೆ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ನೀವು ಹಾಡು ಬರೆದದ್ದೂ ಮಕ್ಕಳು ಹಾಡಲಿ ಎಂದೇ.

ಹಾಡು ಸರ್ಕಾರದ್ದಾ?

ನಿಮ್ಮ ಸಹೋದ್ಯೋಗಿ ಪೂರ್ತಿ ತಪ್ಪು ಹೇಳಿಲ್ಲ. ಕೆಲಸದ ಭಾಗವಾಗಿ ಬರೆದದ್ದು ಕೆಲಸ ಕೊಟ್ಟವರಿಗೆ ಸೇರುತ್ತದೆ ಎಂದು 17ನೇ ಕಲಮು ಹೇಳುತ್ತದೆ. ಇಲಾಖೆಯ ನಿರ್ದೇಶನದಂತೆ, ಅದರ ಹತೋಟಿಯಲ್ಲಿ ತಯಾರಾದ ಕೃತಿ ಸರ್ಕಾರದ್ದು. ನಿಮ್ಮನ್ನು ಪಠ್ಯಪುಸ್ತಕ ಸಮಿತಿಗೆ ಹಾಕಿ, ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನ ಕಾರ್ಯಾಗಾರದಲ್ಲಿ ಕೂರಿಸಿ ತರಬೇತಿ ಕೈಪಿಡಿಗೆ ಒಂದು ಹಾಡು ಬರೆಸಿದ್ದರೆ ಆ ಹಾಡು ಇಲಾಖೆಯದು. ಆದರೆ ನಿಮ್ಮನ್ನು ನೇಮಿಸಿಕೊಂಡದ್ದು ಪಾಠ ಮಾಡಲು, ಕವಿತೆ ಕಟ್ಟಲು ಅಲ್ಲ. ಮನೆಯಲ್ಲಿ, ಬಸ್ಸಿನಲ್ಲಿ, ನಿಮ್ಮ ಮನಸ್ಸಿಗೆ ಬಂದಾಗ ಬರೆದದ್ದು ನಿಮ್ಮದು. 43ರಲ್ಲಿ ಇಲಾಖೆ ಹೇಳಿ ಬರೆಸಿದವು ಯಾವುವಾದರೂ ಇದ್ದರೆ ಈಗಲೇ ಬೇರೆ ತೆಗೆದಿಡಿ. ಹಾಡಿನಿಂದ ಹಣ ಬರುವ ಮಟ್ಟಕ್ಕೆ ಹೋದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಸೇವಾ ನಿಯಮದ ಬಗ್ಗೆ ಒಂದು ಮಾತು ಕೇಳಿಕೊಳ್ಳಿ. ಅದು ನೌಕರಿಯ ಶಿಸ್ತಿನ ವಿಷಯ, ಹಾಡಿನ ಒಡೆತನದ್ದಲ್ಲ.

ನಿಮ್ಮ ನಿಜವಾದ ಸರ್ಟಿಫಿಕೇಟ್ ಆ ನೋಟ್‌ಬುಕ್

ನೀವು ಕಳಿಸಿದ ಪುಟದಲ್ಲಿ ಮೊದಲು ‘ಗುಡುಗು’ ಅಂತ ಬರೆದು, ಹೊಡೆದು, ಮೇಲೆ ‘ಗುಡುಗಪ್ಪ’ ಅಂತ ತಿದ್ದಿದ್ದೀರಿ. ಚಾನೆಲ್ಲಿನ ಹಾಡಿನಲ್ಲೂ ಗುಡುಗಪ್ಪನೇ ಇದ್ದಾನೆ. ಈ ಕಾಟು ಹೊಡೆದ ಗೆರೆ ನಿಮಗೆ ಗಲೀಜು ಅನ್ನಿಸಬಹುದು. ನನ್ನಂಥ ವಕೀಲನಿಗೆ ಅದು ಚಿನ್ನ. ಕದ್ದು ಬರೆದುಕೊಂಡವರ ಪುಸ್ತಕದಲ್ಲಿ ಹಾಡು ನೀಟಾಗಿರುತ್ತದೆ. ಕಟ್ಟಿದವರ ಪುಸ್ತಕದಲ್ಲಿ ತಿದ್ದುಪಡಿ ಇರುತ್ತದೆ.

ಇನ್ನೊಂದು ವಿಷಯವನ್ನು ನೀವು ಗಮನಿಸಿದ ಹಾಗಿಲ್ಲ. ಮೂರನೇ ನುಡಿಯಲ್ಲಿ ಮಕ್ಕಳು ಮಳೆಯಲ್ಲಿ ನೆನೆಯುತ್ತಾ ಬಿಸಿಯೂಟದ ಗಂಟೆ ಕೇಳಿಸಿಕೊಳ್ಳುತ್ತಾರೆ. ಕರ್ನಾಟಕದ ಶಾಲೆಗಳಿಗೆ ಬಿಸಿಯೂಟ ಬಂದದ್ದೇ 2002ರಿಂದ ಈಚೆಗೆ. ತಲೆತಲಾಂತರದಿಂದ ಬಂದ ಹಾಡಿನಲ್ಲಿ ಅದು ಹೇಗೆ ಬಂತು? ಈ ಒಂದು ಸಾಲು ‘ಜಾನಪದ’ ಎಂಬ ವಾದವನ್ನು ಅರ್ಧಕ್ಕರ್ಧ ಮುಗಿಸುತ್ತದೆ.

ಆ ನೋಟ್‌ಬುಕ್ಕನ್ನು ಯಾರ ಕೈಗೂ ಕೊಡಬೇಡಿ. ಪುಟಪುಟವೂ ಸ್ಕ್ಯಾನ್ ಮಾಡಿಸಿ, ನಿಮಗೇ ಇ-ಮೇಲ್ ಕಳಿಸಿಕೊಳ್ಳಿ. ತಾರೀಖು ಹಾಕದ ಪುಟಗಳಿಗೆ ಈಗ ಕೂತು ಹಳೆಯ ತಾರೀಖು ಹಾಕುವ ಆಸೆಯಾಗುತ್ತದೆ. ದಯವಿಟ್ಟು ಬೇಡ. ಒಂದು ಸುಳ್ಳು ತಾರೀಖು ಸಿಕ್ಕಿಬಿದ್ದರೆ ಉಳಿದ ನಲವತ್ತೆರಡು ಹಾಡುಗಳ ಮೇಲೂ ಅನುಮಾನ ಬರುತ್ತದೆ. 2019ರ ವಾಟ್ಸಾಪ್ ಸಂದೇಶ ಯಾವ ಫೋನಿನಲ್ಲಿದೆಯೋ ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಸ್ಕ್ರೀನ್‌ಶಾಟ್ ಒಂದನ್ನೇ ಕೋರ್ಟು ಹಾಗೆ ಒಪ್ಪುವುದಿಲ್ಲ. ಹೊಸ ಸಾಕ್ಷ್ಯ ಕಾನೂನಿನ 63ನೇ ಕಲಮಿನ ಪ್ರಕಾರ ಜೊತೆಗೊಂದು ಪ್ರಮಾಣಪತ್ರ ಬೇಕು. ಅದನ್ನು ಸಿದ್ಧಪಡಿಸಲು ವಕೀಲರು ನೆರವಾಗುತ್ತಾರೆ. ಆ ವರ್ಷ ಶಾಲಾ ವಾರ್ಷಿಕೋತ್ಸವದಲ್ಲಿ ಯಾವುದಾದರೂ ಪೋಷಕರು ವಿಡಿಯೋ ಮಾಡಿದ್ದಾರಾ ಕೇಳಿ. ಆಮಂತ್ರಣ ಪತ್ರಿಕೆಯಲ್ಲಿ ಹಾಡಿನ ಹೆಸರಿದೆಯಾ ನೋಡಿ. ಚಾನೆಲ್ಲಿನ ವಿಡಿಯೋವನ್ನೂ ಇಂದೇ ಇಳಿಸಿಟ್ಟುಕೊಳ್ಳಿ. ಹಾಕಿದ ದಿನ, ‘ಸಾಹಿತ್ಯ: ಜಾನಪದ’ ಎಂಬ ಸಾಲು, ನೋಡಿದವರ ಸಂಖ್ಯೆ ಎಲ್ಲ ಕಾಣುವ ಹಾಗಿರಲಿ. ಚಾನೆಲ್ಲಿಗೆ ನಿಮ್ಮ ತಕರಾರು ಪತ್ರ ತಲುಪಿದ ಮರುಗಳಿಗೆ ಅದು ಮಾಯವಾಗಬಹುದು.

ಚಾನೆಲ್ಲಿನವರ ಜೊತೆ ಏನು ಮಾಡುವುದು

ಮೊದಲು ನಿಮಗೆ ಏನು ಬೇಕು ಅಂತ ತೀರ್ಮಾನ ಮಾಡಿಕೊಳ್ಳಿ. ಹೆಸರು ಬೇಕಾ, ಹಣ ಬೇಕಾ, ಹಾಡು ತೆಗೆಸಬೇಕಾ? ಪತ್ರ ಓದಿದರೆ ನಿಮಗೆ ಹೆಸರೇ ಮುಖ್ಯ ಅನ್ನಿಸಿತು. ಹಾಗಿದ್ದರೆ ದಾರಿ ಸುಲಭ. ಕಾಮೆಂಟಿನಲ್ಲಿ ಜಗಳ ಬಿಟ್ಟು, ಇ-ಮೇಲ್ ಮತ್ತು ಅಂಚೆ ಎರಡರಲ್ಲೂ ಒಂದು ಪುಟದ ಪತ್ರ ಕಳಿಸಿ. ಈ ಸಾಹಿತ್ಯ ನನ್ನದು, ಇಂಥ ವರ್ಷ ಬರೆದದ್ದು, ಹಸ್ತಪ್ರತಿಯ ಒಂದು ಪುಟದ ಪ್ರತಿ ಲಗತ್ತಿಸಿದ್ದೇನೆ, ಹದಿನೈದು ದಿನದಲ್ಲಿ ನನ್ನ ಹೆಸರು ಹಾಕಿ, ಗಳಿಕೆಯಲ್ಲಿ ನನ್ನ ಪಾಲಿನ ಬಗ್ಗೆ ಮಾತಾಡಿ. ಇಷ್ಟು ಸಾಕು. ಹಸ್ತಪ್ರತಿಯ ಎಲ್ಲ ಪುಟ ಕಳಿಸಬೇಡಿ. ಜೈಲಿಗೆ ಕಳಿಸುತ್ತೇನೆ ಅಂತೆಲ್ಲ ಬರೆಯಬೇಡಿ. ಆಧಾರವಿಲ್ಲದ ಬೆದರಿಕೆಗೆ ಎದುರಿನವರೇ ದಾವೆ ಹೂಡಬಹುದು ಎಂದು 60ನೇ ಕಲಮಿದೆ. ನಿಮಗೆ ಆಧಾರ ಇದೆ, ಆದರೂ ಮಾತು ಹದವಾಗಿರಲಿ. ಬರೆದವರೆಂದು ಹೆಸರು ಹೇಳಿಸಿಕೊಳ್ಳುವ ಹಕ್ಕು 57ನೇ ಕಲಮಿನಲ್ಲಿದೆ, ಅದನ್ನು ಹಾಡನ್ನು ಮಾರಿದ ಮೇಲೂ ಕೇಳಬಹುದು. ನಾನು ನೋಡಿದ ಹಾಗೆ ಇಂಥ ತಕರಾರುಗಳಲ್ಲಿ ಬಹಳಷ್ಟು ಈ ಹಂತದಲ್ಲೇ ಮುಗಿಯುತ್ತವೆ.

ಅವರು ಜಗ್ಗದಿದ್ದರೆ ಯೂಟ್ಯೂಬಿನ ತೆಗೆದುಹಾಕುವ ಅರ್ಜಿ ಇದೆ. ಅದಕ್ಕೆ ಹಣವಿಲ್ಲ, ನೋಂದಣಿಯೂ ಬೇಕಿಲ್ಲ. ಕೂಡಲೇ ತೆಗೆಯಿರಿ ಎನ್ನುವುದರ ಬದಲು ಏಳು ದಿನ ಗಡುವು ಕೊಡುವ ಆಯ್ಕೆಯೂ ಅದರಲ್ಲಿದೆ. ಗಡುವಿನೊಳಗೆ ಅವರಾಗಿಯೇ ತೆಗೆದರೆ ಚಾನೆಲ್ಲಿಗೆ ಕಪ್ಪು ಚುಕ್ಕೆ ಬೀಳುವುದಿಲ್ಲ. ನಾನಾದರೆ ಮೊದಲು ಅದನ್ನೇ ಆರಿಸುತ್ತೇನೆ. ಇಲ್ಲೊಂದು ಅಪಾಯವಿದೆ. ನಿಮ್ಮ ಹೆಸರು ಅವರಿಗೆ ತಿಳಿಯುತ್ತದೆ. ಹಾಡು ನಮ್ಮದೇ ಅಂತ ಅವರು ಪ್ರತಿ-ಅರ್ಜಿ ಹಾಕಿದರೆ, ಹತ್ತು ಕೆಲಸದ ದಿನಗಳೊಳಗೆ ನೀವು ಕೋರ್ಟಿಗೆ ಹೋದದ್ದನ್ನು ಯೂಟ್ಯೂಬಿಗೆ ತೋರಿಸಬೇಕು. ಇಲ್ಲದಿದ್ದರೆ ವಿಡಿಯೋ ವಾಪಸ್ ಬರುತ್ತದೆ. ಹಾಗಾಗಿ ಕೋರ್ಟಿಗೆ ಹೋಗುವ ಮನಸ್ಸು ಇದೆಯೋ ಇಲ್ಲವೋ ಅಂತ ಮೊದಲೇ ಯೋಚಿಸಿ ಅರ್ಜಿ ಹಾಕಿ.

ಕೋರ್ಟಿನ ದಾರಿ ಹಿಡಿದರೆ ದಾವೆಯನ್ನು ಜಿಲ್ಲಾ ಮಟ್ಟದ ನ್ಯಾಯಾಲಯದಲ್ಲೇ ಹೂಡಬೇಕು. ಸಮಾಧಾನದ ವಿಷಯ ಏನೆಂದರೆ, ಚಾನೆಲ್ ಬೆಂಗಳೂರಿನದ್ದಾದರೂ ನೀವು ಅಲ್ಲಿಗೆ ಓಡಾಡಬೇಕಿಲ್ಲ. ಬರೆದವರು ತಾವು ವಾಸವಿರುವ ಊರಿನ ವ್ಯಾಪ್ತಿಯಲ್ಲೇ ದಾವೆ ಹೂಡಲು 62ನೇ ಕಲಮು ಅವಕಾಶ ಕೊಟ್ಟಿದೆ. ತಡೆಯಾಜ್ಞೆ, ಪರಿಹಾರ, ಅವರು ಗಳಿಸಿದ ಹಣದ ಲೆಕ್ಕ ಎಲ್ಲವನ್ನೂ ಕೇಳಬಹುದು. ಮೂರು ವರ್ಷದೊಳಗೆ ಹೂಡಬೇಕು. ಖರ್ಚು, ಕಾಲ ಎರಡೂ ಹಿಡಿಯುತ್ತದೆ. ಒಂದೇ ಹಾಡಿಗಾಗಿ ಹೋಗುವುದು ನಿಮಗೆ ಭಾರವಾಗಬಹುದು.

ಪೊಲೀಸ್ ದೂರಿನ ವಿಷಯ ಬೇರೆ. ಕಾಪಿರೈಟ್ ಕಾಯ್ದೆಯ 63ನೇ ಕಲಮಿನಲ್ಲಿ 6 ತಿಂಗಳಿಂದ 3 ವರ್ಷ ಸಜೆ, 50,000ದಿಂದ 2 ಲಕ್ಷದವರೆಗೆ ದಂಡ ಇದೆ. ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧ ಇದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಅಷ್ಟು ಹರಿತವಾದ ಅಸ್ತ್ರವನ್ನು ಇಲ್ಲಿ ಎತ್ತಬೇಡಿ ಅನ್ನುವುದು ನನ್ನ ಸಲಹೆ. ಗೊತ್ತಿದ್ದೂ ಮಾಡಿದ್ದಾರೆ ಅಂತ ತೋರಿಸಬೇಕು. ಜಾನಪದ ಅಂದುಕೊಂಡಿದ್ದೆವು ಅಂತ ಅವರು ಹೇಳುತ್ತಾರೆ. ನಿಮ್ಮ ಪತ್ರ ತಲುಪಿದ ಮೇಲೂ ಮುಂದುವರಿಸಿದರೆ ಆ ಮಾತು ನಿಲ್ಲುವುದಿಲ್ಲ. ಪತ್ರ ಮೊದಲು ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ನೋಂದಣಿ ಮಾಡಿಸುವ ಬಗೆ

ಸರ್ಕಾರಿ ಶುಲ್ಕ ಒಂದು ಸಾಹಿತ್ಯ ಕೃತಿಗೆ 500 ರೂಪಾಯಿ. 15,000 ಕೇಳಿದವರನ್ನು ಉಳಿದದ್ದು ಯಾವುದಕ್ಕೆ ಅಂತ ಕೇಳಿ. ಅವರ ಶ್ರಮಕ್ಕೆ ಒಂದಿಷ್ಟು ಕೊಡುವುದು ತಪ್ಪಲ್ಲ, ಆದರೆ ನೀವೇ ಮಾಡಬಹುದಾದ ಕೆಲಸ ಇದು. ದೆಹಲಿಯ ಕಾಪಿರೈಟ್ ಕಚೇರಿಯ ಜಾಲತಾಣದಲ್ಲಿ ಖಾತೆ ತೆರೆದು 14ನೇ ನಮೂನೆ ತುಂಬಬೇಕು. ಕೃತಿಯ ಪ್ರತಿ, ಗುರುತಿನ ದಾಖಲೆ ಕೊಡಬೇಕು. ಅರ್ಜಿ ಹೋದ ಕೂಡಲೇ ಒಂದು ಡೈರಿ ನಂಬರ್ ಬರುತ್ತದೆ. ಅದು ಬರೀ ಅರ್ಜಿ ಮುಟ್ಟಿದ್ದಕ್ಕೆ ರಸೀತಿ. ಅದನ್ನೇ ಸರ್ಟಿಫಿಕೇಟ್ ಅಂತ ಕೊಟ್ಟು ದುಡ್ಡು ಪಡೆದವರನ್ನು ನಾನು ನೋಡಿದ್ದೇನೆ. ತಕರಾರು ಇದ್ದವರು ಹೇಳಲಿ ಅಂತ 30 ದಿನ ಕಾಯುತ್ತಾರೆ. ಆಮೇಲೆ ಪರಿಶೀಲನೆ. ಏನಾದರೂ ಕೊರತೆ ಕಂಡರೆ ಪತ್ರ ಬರುತ್ತದೆ, ಅದಕ್ಕೆ ಗಡುವಿನೊಳಗೆ ಉತ್ತರಿಸಬೇಕು. ಇ-ಮೇಲ್ ನೋಡದೆ ಬಿಟ್ಟು ಅರ್ಜಿ ಕಳೆದುಕೊಳ್ಳುವವರು ಜಾಸ್ತಿ. ಎಲ್ಲ ಮುಗಿಯಲು ತಿಂಗಳುಗಳೇ ಹಿಡಿಯುತ್ತವೆ.

43 ಹಾಡಿಗೆ 43 ಅರ್ಜಿ ಬೇಡ. ತಕರಾರಿನ ಮಳೆ ಹಾಡಿಗೆ ಪ್ರತ್ಯೇಕವಾಗಿ ಒಂದು. ಉಳಿದವನ್ನು ಒಂದು ಹೆಸರಿಟ್ಟು ಸಂಕಲನವಾಗಿ ಟೈಪ್ ಮಾಡಿಸಿ ಇನ್ನೊಂದು. ಒಟ್ಟು 1,000 ರೂಪಾಯಿಯಲ್ಲಿ ಆಗುತ್ತದೆ. ಮಳೆ ಹಾಡನ್ನು ಬೇರೆ ಇಡುವುದಕ್ಕೆ ಕಾರಣ ಇದೆ. ಈ ಕೃತಿಯಲ್ಲಿ ಹಕ್ಕು ಹೇಳುವವರಿಗೆ, ನಿಮ್ಮ ಹಕ್ಕನ್ನು ಪ್ರಶ್ನಿಸುವವರಿಗೆ ಅರ್ಜಿಯ ನೋಟಿಸು ಕೊಡಬೇಕು ಎಂಬ ನಿಯಮವಿದೆ. ಅಂದರೆ ಆ ಚಾನೆಲ್ಲಿನವರಿಗೂ ಕೊಡಬೇಕು. ಗುಟ್ಟಾಗಿ ಮಾಡಿಸಿಕೊಂಡ ನೋಂದಣಿಯನ್ನು ಆಮೇಲೆ ರದ್ದು ಮಾಡಿಸುವುದು ಸುಲಭ. ಅವರು ತಕರಾರು ಹಾಕಿದರೆ ಆ ಒಂದು ಅರ್ಜಿ ಮಾತ್ರ ನಿಧಾನವಾಗುತ್ತದೆ, ಉಳಿದ ಹಾಡುಗಳದ್ದು ಮುಂದೆ ಹೋಗುತ್ತದೆ. ‘ಪ್ರಕಟವಾಗಿದೆಯೇ’ ಎಂಬ ಕಡೆ ನಿಜ ಬರೆಯಿರಿ. ರಿಜಿಸ್ಟರಿನಲ್ಲಿ ಸುಳ್ಳು ನಮೂದು ಮಾಡಿಸಿದರೆ ಶಿಕ್ಷೆ ಇದೆ. ತಕರಾರು ಶುರುವಾದ ಮೇಲೆ ಮಾಡಿಸಿದ ನೋಂದಣಿಯನ್ನು ಎದುರಿನ ವಕೀಲರು ಪ್ರಶ್ನಿಸಿಯೇ ಪ್ರಶ್ನಿಸುತ್ತಾರೆ ಎಂಬುದೂ ನಿಮಗೆ ತಿಳಿದಿರಲಿ. ಆಗ ಮತ್ತೆ ನಿಲ್ಲುವುದು ನಿಮ್ಮ ನೋಟ್‌ಬುಕ್ಕೇ.

ಕೈಬಾಯಿ ಅಭಿನಯವನ್ನೂ ನೀವೇ ಕೂಡಿಸಿದ್ದೀರಿ ಅಂದಿರಿ. ಅದು ಪದಗಳ ಜೊತೆ ತಾನಾಗಿ ಬರುವುದಿಲ್ಲ. ಕುಣಿತ, ಅಭಿನಯದ ಸಂಯೋಜನೆ ನಾಟಕ ಕೃತಿಯ ಗುಂಪಿಗೆ ಸೇರುತ್ತದೆ. ಅದು ಬರಹದಲ್ಲೋ ವಿಡಿಯೋದಲ್ಲೋ ದಾಖಲಾಗಿರಬೇಕು. ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ನಮ್ಮ ಉಡುಪಿಯಲ್ಲೇ ಶುರುವಾದ ಒಂದು ಮೊಕದ್ದಮೆಯಲ್ಲಿ ಕಂಡಿತು. ಶಿವರಾಮ ಕಾರಂತರು ಹೊಸದಾಗಿ ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕು ಅವರ ಕಾಲಾನಂತರ ಯಾರದು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಯಿತು. ಬ್ಯಾಲೆ ನಾಟಕ ಕೃತಿ, ಅದು ಉಯಿಲಿನ ‘ಸಾಹಿತ್ಯ ಕೃತಿ’ ಎಂಬ ಮಾತಿನೊಳಗೆ ಬರುವುದಿಲ್ಲ ಎಂದು 2009ರಲ್ಲಿ ಕೋರ್ಟು ಹೇಳಿತು. ಉಳಿದ ಆಸ್ತಿಗೆ ಸಂಬಂಧಿಸಿದ ಇನ್ನೊಂದು ಕಲಮು ಉಯಿಲಿನಲ್ಲಿ ಇದ್ದದ್ದರಿಂದ ಹಕ್ಕು ಅವರು ಬಯಸಿದವರಿಗೇ ಹೋಯಿತು. ನೀವು ಮಕ್ಕಳಿಗೆ ಅಭಿನಯ ಹೇಳಿಕೊಡುವುದನ್ನು ಒಂದು ಸಲ ಪೂರ್ತಿ ವಿಡಿಯೋ ಮಾಡಿಡಿ.

ಆ 20,000 ರೂಪಾಯಿ

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಯೂಟ್ಯೂಬ್ ಚಾನೆಲ್ ಅಲ್ಲ, ಈ ಕರಾರು ಪತ್ರ. ಚಾನೆಲ್ಲಿನವರು ತೆಗೆದುಕೊಂಡದ್ದು ಒಂದು ಹಾಡು, ಅದನ್ನು ವಾಪಸ್ ಪಡೆಯಬಹುದು. ಸಹಿ ಹಾಕಿದ ಮೇಲೆ 43 ಹಾಡೂ ಹೋಗುತ್ತವೆ. ಲೆಕ್ಕ ಹಾಕಿದರೆ ಒಂದು ಹಾಡಿಗೆ 465 ರೂಪಾಯಿ ಬೀಳುತ್ತದೆ. ಹಾಡಿನ ಹಕ್ಕು ನಿಮ್ಮ ಜೀವಮಾನವಿಡೀ, ಆಮೇಲೆ ಇನ್ನೂ 60 ವರ್ಷ ಇರುವಂಥದ್ದು.

ಅವರ ಕರಾರಿನಲ್ಲಿ ‘ಶಾಶ್ವತವಾಗಿ, ಪ್ರಪಂಚದಾದ್ಯಂತ, ಎಲ್ಲ ಮಾಧ್ಯಮಗಳಲ್ಲಿ’ ಎಂದಿದೆ. ಆ ಪದಗಳನ್ನು ಅವರು ಸುಮ್ನೆ ಹಾಕಿಲ್ಲ. ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು ಎಂದು 19ನೇ ಕಲಮು ಹೇಳುತ್ತದೆ. ಅವಧಿ ಬರೆಯದಿದ್ದರೆ ಅದು ಐದೇ ವರ್ಷ. ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಕೊಂಡವರು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಅವಧಿ ಬರೆದಿರದಿದ್ದರೆ, ಹಕ್ಕು ವಾಪಸ್. ಕಾಯ್ದೆ ನಿಮ್ಮ ಪರವಾಗಿ ಇಟ್ಟ ಈ ಮೂರು ಬಾಗಿಲುಗಳಲ್ಲಿ ಮೊದಲ ಎರಡನ್ನು ಆ ಪದಗಳು ಮುಚ್ಚುತ್ತವೆ.

ಒಂದು ಬಾಗಿಲನ್ನು ಮಾತ್ರ ಅವರೂ ಮುಚ್ಚಲಾರರು. 2012ರ ತಿದ್ದುಪಡಿಯ ನಂತರ, ಧ್ವನಿಮುದ್ರಿಕೆಯಲ್ಲಿ ಸೇರಿದ ಹಾಡಿನ ಸಾಹಿತ್ಯ ಬರೆದವರು ರಾಯಧನದಲ್ಲಿ (ರಾಯಲ್ಟಿ) ಸಮಪಾಲು ಪಡೆಯುವ ಹಕ್ಕನ್ನು ಕಂಪನಿಗೆ ಬಿಟ್ಟುಕೊಡುವಂತೆಯೇ ಇಲ್ಲ. ‘ಮುಂದೆ ಯಾವ ರಾಯಧನವನ್ನೂ ಕೇಳುವುದಿಲ್ಲ’ ಎಂಬ ನಿಮ್ಮ ಕರಾರಿನ ಏಳನೇ ಷರತ್ತು ಅಷ್ಟರ ಮಟ್ಟಿಗೆ ನಿಲ್ಲುವುದಿಲ್ಲ. ಹೀಗೆ ಅಂತ ಅವರಿಗೆ ಹೇಳಿ ನೋಡಿ. ಮಾತಿನ ವರಸೆ ಬದಲಾಗುತ್ತದೆ.

ಇನ್ನೊಂದು ಅಪಾಯ ಬಹಳ ಜನಕ್ಕೆ ಆಮೇಲೆ ಗೊತ್ತಾಗುತ್ತದೆ. ಕಂಪನಿ ಹಾಡನ್ನು ಹಾಡನ್ನು ತಾನಾಗಿ ಗುರುತಿಸುವ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆಗೆ ಸೇರಿಸಿದರೆ, ಆ ರೆಕಾರ್ಡಿಂಗ್ ಅಥವಾ ರಾಗ ಎಲ್ಲಿ ಕೇಳಿಸಿದರೂ ಯಂತ್ರವೇ ಹಿಡಿಯುತ್ತದೆ. ಕೆಲವು ವರ್ಷಗಳ ಹಿಂದೆ ಒಬ್ಬ ಭಜನೆ ಪದ ಬರೆಯುವ ಹಿರಿಯರು ನನ್ನಲ್ಲಿಗೆ ಬಂದಿದ್ದರು. ತಾವೇ ಬರೆದ ಪದವನ್ನು ತಮ್ಮ ಮೊಮ್ಮಗಳ ಮದುವೆಯ ವಿಡಿಯೋಗೆ ಹಾಕಿದ್ದರು, ಕಾಪಿರೈಟ್ ತಕರಾರು ಬಂದಿತ್ತು. ಎಂದೋ ಸಹಿ ಹಾಕಿದ್ದ ಕಾಗದದ ಪ್ರತಿಯೂ ಅವರ ಹತ್ತಿರ ಇರಲಿಲ್ಲ.

ಆ ಕಂಪನಿಯ ಜೊತೆ ಕೆಲಸ ಮಾಡಲೇಬೇಡಿ ಅಂತ ಅಲ್ಲ. ಹಾಡು ಹೊರಗೆ ಹೋಗಬೇಕಾದರೆ ಯಾರಾದರೂ ಬೇಕು. ಐದು ಹಾಡು ಮಾತ್ರ ಕೊಡಿ. ಪೂರ್ತಿ ವರ್ಗಾವಣೆ ಬದಲು ಮೂರು ವರ್ಷದ ಪರವಾನಗಿ ಕೊಡಿ. ಧ್ವನಿಮುದ್ರಿಕೆಗೆ ಮಾತ್ರ ಅಂತ ಬರೆಸಿ, ಪುಸ್ತಕದ ಹಕ್ಕು ನಿಮ್ಮಲ್ಲೇ ಉಳಿಯಲಿ. ಶಾಲೆಗಳು, ಶಿಕ್ಷಕರು ಹಣವಿಲ್ಲದೆ ಬಳಸಬಹುದು ಎಂಬ ಒಂದು ಸಾಲು ಸೇರಿಸಿ. ನಿಮ್ಮ ಹೆಸರು ಎಲ್ಲಿ, ಹೇಗೆ ಬರಬೇಕು ಅಂತಲೂ ಬರೆಸಿ. ಸಹಿ ಹಾಕಿದ ಪ್ರತಿ ಒಂದು ನಿಮ್ಮ ಕೈಯಲ್ಲಿರಲಿ. ಒಪ್ಪದಿದ್ದರೆ ಬಿಡಿ, ಹಾಡುಗಳು ಎಲ್ಲಿಗೂ ಹೋಗುವುದಿಲ್ಲ.

ಕೊನೆಗೆ ಆ ಹಾರ್ಮೋನಿಯಂ ಮಾಸ್ತರರ ವಿಷಯ. ‘ನನ್ನ 43 ಹಾಡು’ ಅಂತ ಪತ್ರದಲ್ಲಿ ಅಷ್ಟು ಕಡೆ ಬರೆದಿದ್ದೀರಿ, ಅವರ ಹೆಸರು ಒಂದು ಕಡೆಯೂ ಇಲ್ಲ. ಬೇಕಂತ ಬಿಟ್ಟಿಲ್ಲ ಅಂತ ನನಗೆ ಗೊತ್ತು. ಆದರೆ ಅವರು ಸ್ವಂತವಾಗಿ ರಾಗ ಹಾಕಿದ ಹಾಡುಗಳ ಸಂಗೀತ ಅವರದು. ಅವರ ಒಪ್ಪಿಗೆ ಇಲ್ಲದೆ ಆ ರಾಗದಲ್ಲಿ ಯಾವ ಕಂಪನಿಗೂ ನೀವು ಹಾಡು ಕೊಡುವಂತಿಲ್ಲ. ಯಾವ ಹಾಡು ಕೋಲಾಟದ ಧಾಟಿಯದು, ಯಾವುದು ಅವರ ರಾಗದ್ದು ಅಂತ ಇಬ್ಬರೂ ಕೂತು ಪಟ್ಟಿ ಮಾಡಿ. ಅವರ ರಾಗಗಳನ್ನು ಅವರ ಹೆಸರಿನಲ್ಲೇ, ಸ್ವರಲಿಪಿ ಬರೆಸಿ, ಸಂಗೀತ ಕೃತಿಯಾಗಿ ನೋಂದಾಯಿಸಬಹುದು. ಅದಕ್ಕೂ ತಲಾ 500 ರೂಪಾಯಿಯೇ. ಒಂದು ಹಾಳೆಯಲ್ಲಿ ಸಾಹಿತ್ಯ ಇವರದು, ಸಂಗೀತ ಇವರದು, ಬಂದದ್ದರಲ್ಲಿ ಇಷ್ಟಿಷ್ಟು ಪಾಲು ಅಂತ ಬರೆದು ಇಬ್ಬರೂ ಸಹಿ ಹಾಕಿ. ಅವರಿಗೆ ವಯಸ್ಸಾಗಿದೆ ಅಂತ ಬರೆದಿದ್ದೀರಿ. ಈ ಕೆಲಸವನ್ನು ಮುಂದಿನ ಭಾನುವಾರವೇ ಮಾಡಿ, ಹೋಗುವಾಗ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಿ. ರಾಗ ಹಾಕಿದ ದಿನ, ಸಂದರ್ಭ ಅವರಿಗೆ ನೆನಪಿದ್ದರೆ ಬೇರೆ ಹಾಳೆಯಲ್ಲಿ ಅವರ ಕೈಯಲ್ಲೇ ಬರೆಸಿ, ಇಂದಿನ ತಾರೀಖು ಹಾಕಿಸಿಕೊಳ್ಳಿ.